ಸೆರಗಿನ ಕೆಳಗಿನ ಎಣಿಕೆ

ಅನಿಕಾ, ರಿಷಿ, ಹೋದ ಭಾನುವಾರ ನೀವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಇಸ್ಪೀಟೆಲೆ ಹರಡಿಕೊಂಡು ಕುಳಿತಿದ್ದಿರಿ. ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದೆ. "ಅಜ್ಜೀ, ಡು ಯೂ ನೋ ಕಾರ್ಡ್ಸ್?" ಎಂದು ರಿಷಿ ಕೇಳಿದ. ನಾನು "ಸ್ವಲ್ಪ" ಎಂದೆ. ಒಲೆಯ ಮುಂದೆ ನಿಂತಿದ್ದ ನಿಮ್ಮ ಅಮ್ಮ ಸೌಟನ್ನು ಕೆಳಗಿಟ್ಟು, ಗೋಡೆಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಯಾಕೆಂದು ನೀವು ಕೇಳಿದರೆ "ನಿಮ್ಮಜ್ಜೀನೇ ಕೇಳ್ರೋ" ಎಂದಳು. ನನಗೆ ನಾಚಿಕೆಯಾಗಿ ಬಟ್ಟಲನ್ನೆತ್ತಿಕೊಂಡು ಹಿತ್ತಲಿಗೆ ಹೊರಟುಹೋದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದು ಹೇಳುವುದು ನನಗೆ ಚಿಕ್ಕಂದಿನಿಂದಲೂ ಸುಲಭ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಓದಲು ಬಾರದ ಕಡೆ ಅಮ್ಮ ಓದಿ ಹೇಳಲಿ. ನಗು ಬಂದರೆ ಅವಳು ನಕ್ಕು ಮುಗಿಸುವವರೆಗೆ ಕಾಯಿರಿ.

ನನ್ನೂರು ತಿಪಟೂರಿನ ಕಡೆಯ ಸಣ್ಣ ಹಳ್ಳಿ. ಏಳನೆಯ ತರಗತಿಯವರೆಗೆ ಅಲ್ಲಿ ಶಾಲೆಯಿತ್ತು, ನನ್ನ ಓದೂ ಅಲ್ಲಿಯವರೆಗೇ ಇತ್ತು. ನಮ್ಮೂರಲ್ಲಿ ಗಂಡಸರು ಬಹಿರಂಗವಾಗಿ ಇಸ್ಪೀಟು ಆಡುತ್ತಿದ್ದದ್ದು ವರ್ಷಕ್ಕೊಂದೇ ಸಲ. ಯುಗಾದಿಯಂದು ಹೋಳಿಗೆ ಊಟ ಮುಗಿಸಿ, ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು, ವರ್ಷವಿಡೀ ಒಂದು ಕಾಸನ್ನೂ ದಂಡಮಾಡದ ಹಿರಿಯರು ಅಂದು ಮಾತ್ರ ಎಲೆಗಳನ್ನು ಬೀಸಣಿಗೆಯ ಹಾಗೆ ಹಿಡಿದುಕೊಂಡು ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು. ಹೆಂಗಸರಾದ ನಮಗೆ ಒಳಗೆ ಹುಣಿಸೆಬೀಜದ ಚೌಕಾಬಾರ. ಹಬ್ಬ ಕಳೆದ ಮೇಲೆ ಎಲೆಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಡುತ್ತಿದ್ದರು. ಆಮೇಲೂ ಆಡಿದವನಿಗೆ ಹೆಣ್ಣು ಕೊಡುವ ಮುಂಚೆ ಜನ ಹಿಂದೆಮುಂದೆ ನೋಡುತ್ತಿದ್ದರು. ಅದೇ ಎಲೆ, ಅದೇ ಕೈ. ಒಂದು ದಿನ ಹಬ್ಬವಾದದ್ದು ಮಾರನೆಯ ದಿನ ಕೇಡು ಹೇಗಾಗುತ್ತದೆ ಎಂಬುದು ಹುಡುಗಿಯಾಗಿದ್ದಾಗ ನನಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ಅದರ ಉತ್ತರಕ್ಕೆ ನಾನು ಸಮುದ್ರ ದಾಟಿ ಬರಬೇಕಾಯಿತು.

ನಾನು ಹೇಳಹೊರಟಿರುವ ಕಾಲದಲ್ಲೂ ನಾವು ಕ್ಯಾಲಿಫೋರ್ನಿಯಾದ ಈ ನೆವಾರ್ಕಿನ ಮನೆಯಲ್ಲೇ ಇದ್ದೆವು. ಈಗಿನ ಹಾಗೆ ಆಗ ಇಲ್ಲಿ ವಿದ್ಯುತ್ ಕಾರು ಕಂಪನಿಗಳ ಗದ್ದಲವಿರಲಿಲ್ಲ. ಬೀದಿಯ ಕೊನೆಗೆ ಹೋದರೆ ಉಪ್ಪಿನ ಗದ್ದೆಗಳ ಗಾಳಿ ಬೀಸುತ್ತಿತ್ತು. ನಿಮ್ಮ ತಾತ ಕೊಲ್ಲಿಯ ಆಚೆ ದಡದಲ್ಲಿ ಒಂದು ಚಿಪ್ ಕಂಪನಿಯಲ್ಲಿ ಇಂಜಿನಿಯರಾಗಿದ್ದರು. ಎಂಬತ್ತರ ದಶಕದ ನಡುವೆ ಒಂದು ಕೆಟ್ಟ ಕಾಲ ಬಂತು. ಅವರ ಕಂಪನಿ ವಿಭಾಗಕ್ಕೆ ವಿಭಾಗವನ್ನೇ ಮುಚ್ಚಿತು. ಅಂದು ಮಧ್ಯಾಹ್ನವೇ ಮನೆಗೆ ಬಂದ ಅವರು, ಕೈಲಿದ್ದ ರಟ್ಟಿನ ಪೆಟ್ಟಿಗೆಯನ್ನು ಹೊಸ್ತಿಲ ಹೊರಗೇ ಇಟ್ಟು, ಕಾಲು ತೊಳೆದುಕೊಂಡು ಒಳಗೆ ಬಂದರು, ಸಾವಿನ ಮನೆಯಿಂದ ಬಂದವರ ಹಾಗೆ. ಮನೆಯ ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. ಅದನ್ನು ಕಟ್ಟದಿದ್ದರೆ ಮನೆ ಬ್ಯಾಂಕಿನದು. ನಮ್ಮ ಗ್ರೀನ್ ಕಾರ್ಡು ಇನ್ನೂ ಆಗಿರಲಿಲ್ಲ. ನಿಮ್ಮ ಅಮ್ಮ ಆಗತಾನೇ ಇಲ್ಲಿನ ಶಾಲೆಗೆ ಹೊಂದಿಕೊಂಡು, ಬಾಯಿಬಿಟ್ಟು ಮಾತಾಡಲು ಕಲಿತಿದ್ದಳು. ಈ ಸೂರು ಹೋದರೆ ಆ ಮಗುವನ್ನು ಬೇರುಸಹಿತ ಕಿತ್ತು ಮತ್ತೆಲ್ಲಿ ನೆಡುವುದು ಎಂಬುದೊಂದೇ ನನ್ನ ಚಿಂತೆ.

ತಾತ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದರು, ಉತ್ತರ ಬರುತ್ತಿರಲಿಲ್ಲ. ಬರ್ಕ್ಲಿಯ ಒಂದು ಪ್ರಯೋಗಾಲಯದಲ್ಲಿ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸವಿದೆಯೆಂದು ಯಾರೋ ತಿಳಿಸಿದಾಗ ಅವರ ಮುಖ ಕಪ್ಪಾಯಿತು. "ನಾನು ಡಿಸೈನ್ ಮಾಡೋನು ಕಣೇ, ಸ್ಕ್ರೂ ಬಿಗಿಯೋನಲ್ಲ" ಎಂದರು. ಆ ದಿನಗಳಲ್ಲೇ ಲೈಬ್ರರಿಯಿಂದ ಬ್ಲ್ಯಾಕ್‌ಜ್ಯಾಕ್ ಆಟದ ಪುಸ್ತಕವೊಂದನ್ನು ತಂದು ಓದತೊಡಗಿದರು. ಮೊದಲು ಕಾಲಕ್ಷೇಪಕ್ಕೆಂದುಕೊಂಡೆ. ಒಂದು ದಿನ ಈ ಮೇಜಿನ ಮೇಲೆಯೇ ಎಲೆಗಳನ್ನಿಟ್ಟು, "ಇದು ಜೂಜಲ್ಲ, ಲೆಕ್ಕ. ತಪ್ಪದೆ ಮಾಡಿದ್ರೆ ಸಂಬಳದ ಹಾಗೆ ಬರುತ್ತೆ. ನನಗೆ ಎಲೆ ಹಾಕೋಕೆ ಯಾರಾದ್ರೂ ಬೇಕು, ಕೂತ್ಕೋ" ಎಂದರು.

ಆ ಲೆಕ್ಕವನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಇಪ್ಪತ್ತೊಂದಕ್ಕೆ ಯಾರು ಹತ್ತಿರವಾಗುತ್ತಾರೋ ಅವರು ಗೆಲ್ಲುವ ಆಟವದು, ಮೀರಿದರೆ ಸೋಲು. ಎಕ್ಕ ಮತ್ತು ಹತ್ತರ ಎಲೆಗಳು ಹೆಚ್ಚು ಉಳಿದಿದ್ದಷ್ಟೂ ಆಡುವವನಿಗೆ ಅನುಕೂಲ. ಕಳ್ಳೆಪುರಿಯ ಡಬ್ಬದಿಂದ ಮಕ್ಕಳು ಬರೀ ಪುರಿಯನ್ನೇ ತಿಂದು ಮುಗಿಸಿದರೆ ಕೊನೆಗೆ ಕಡಲೆಬೀಜವೇ ಉಳಿಯುತ್ತದಲ್ಲ, ಹಾಗೆ. ಸಣ್ಣ ಎಲೆ ಹೋದಾಗಲೆಲ್ಲ ಒಂದು ಏರಿಸಬೇಕು, ದೊಡ್ಡ ಎಲೆ ಹೋದಾಗ ಒಂದು ಇಳಿಸಬೇಕು. ಎಣಿಕೆ ಮೇಲೇರಿದಾಗ ಡಬ್ಬದಲ್ಲಿ ಕಡಲೆಬೀಜವಿದೆಯೆಂದು ಅರ್ಥ. ಆಗ ಹೆಚ್ಚು ಹಣ ಹೂಡಬೇಕು. ಇಷ್ಟೇ. ಇದರಲ್ಲಿ ಮೋಸವಿಲ್ಲ, ಮನಸ್ಸಿನಲ್ಲಿ ಎಣಿಸುವುದು ಅಪರಾಧವೂ ಅಲ್ಲ. ಆದರೆ ಎಣಿಸುವವರನ್ನು ಕಂಡರೆ ಕ್ಯಾಸಿನೋದವರಿಗಾಗದು. ಗುರುತು ಹಿಡಿದರೆ ಹೊರಗೆ ಹಾಕುತ್ತಾರೆ.

ನಿಮ್ಮ ತಾತನನ್ನು ಬೇಗನೆ ಗುರುತು ಹಿಡಿದರು. ಈ ಆಟಕ್ಕೆ ಗುಡ್ಡ ದಾಟಿ ನೆವಾಡಾದ ರೀನೋಗೆ ಹೋಗಬೇಕಿತ್ತು. ಹೂಡಿಕೆಯನ್ನು ಒಮ್ಮೆ ಇಷ್ಟಕ್ಕಿಳಿಸಿ ಮತ್ತೊಮ್ಮೆ ಅಷ್ಟಕ್ಕೇರಿಸಿ ಮಾಡಿದ್ದರಿಂದ ಒಂದು ಕಡೆ ಅವರನ್ನು ಬಹಳ ವಿನಯದಿಂದಲೇ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಟ್ಟರಂತೆ. ಆಗ ಅವರು ಹೊಸ ಉಪಾಯ ಹೂಡಿದರು. ಒಬ್ಬರು ಕುಳಿತು ಸಣ್ಣ ಹಣದಲ್ಲಿ ಆಡುತ್ತಾ ಎಣಿಸುತ್ತಿರಬೇಕು. ಎಣಿಕೆ ಏರಿದಾಗ ಸನ್ನೆ ಮಾಡಬೇಕು. ಇನ್ನೊಬ್ಬರು ಅಪರಿಚಿತರ ಹಾಗೆ ಬಂದು ಪಕ್ಕದಲ್ಲಿ ಕುಳಿತು ದೊಡ್ಡ ಹಣ ಹೂಡಬೇಕು. "ಎಣಿಸೋದು ನೀನು" ಎಂದರು.

"ರೀ, ನನಗೆ ಗ್ರೋಸರಿ ಅಂಗಡಿಯಲ್ಲಿ ಹಾಲು ಕೇಳೋಕೇ ನಾಲಿಗೆ ಹೊರಳಲ್ಲ" ಎಂದೆ.

"ಅದಕ್ಕೇ ನೀನೇ ಆಗಬೇಕು. ಸೀರೆ ಉಟ್ಟು ತಲೆ ತಗ್ಗಿಸ್ಕೊಂಡು ಕೂತ ಹೆಂಗಸು ಎಣಿಸ್ತಾಳೆ ಅಂತ ಯಾರಿಗೆ ಅನುಮಾನ ಬರುತ್ತೆ?"

ಹಾಗೆ ನನ್ನ ಸಂಕೋಚವೇ ನಮ್ಮ ಮನೆಯ ಬಂಡವಾಳವಾಯಿತು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು, ನಿಮ್ಮ ಅಮ್ಮನನ್ನು ಕ್ಯುಪರ್ಟಿನೋದ ಪದ್ಮಕ್ಕನ ಮನೆಯಲ್ಲಿ ಬಿಟ್ಟು ಹೊರಡುತ್ತಿದ್ದೆವು. ಪದ್ಮಕ್ಕ ಬೆಂಗಳೂರಿನ ಚಾಮರಾಜಪೇಟೆಯವರು, ಬಾಯಿ ಜೋರು, ಮನಸ್ಸು ಹೂವು. ತಾತನಿಗೆ ನೆವಾಡಾದಲ್ಲಿ ಕನ್ಸಲ್ಟಿಂಗು ಸಿಕ್ಕಿದೆಯೆಂದು ನಾವು ಹೇಳಿದ್ದೆವು. "ಏನ್ರೀ ಇದು ನಿಮ್ಮೆಜಮಾನ್ರ ಕನ್ಸಲ್ಟಿಂಗು, ವೀಕೆಂಡಲ್ಲಿ ಮಾತ್ರ ನಡೆಯತ್ತೆ, ಅದಕ್ಕೆ ವೈಫೂ ಬೇಕು, ಚಿತ್ರಾನ್ನಾನೂ ಬೇಕು?" ಎಂದು ಅವರು ಕೇಳಿದರೆ ನಾನು ನೆಲ ನೋಡುತ್ತಿದ್ದೆ. ನಿಮ್ಮ ಅಮ್ಮ ಶಾಲೆಯಲ್ಲಿ "ನಮ್ಮಪ್ಪ ರೀನೋದಲ್ಲಿ ಕೆಲಸ ಮಾಡ್ತಾರೆ, ನಮ್ಮಮ್ಮ ಅವರಿಗೆ ಹೆಲ್ಪ್ ಮಾಡ್ತಾರೆ" ಎಂದು ಟೀಚರಿಗೆ ಹೇಳಿ ಬಂದಿದ್ದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕ್ಯಾಸಿನೋದ ಒಳಗೆ ಹಗಲೂ ಇಲ್ಲ, ಇರುಳೂ ಇಲ್ಲ. ಕಿಟಕಿಯಿಲ್ಲದ, ಗಡಿಯಾರವಿಲ್ಲದ, ಸಿಗರೇಟಿನ ಹೊಗೆಯಿಂದ ಕಣ್ಣುರಿಯುವ ಆ ಹಜಾರದಲ್ಲಿ ನಾಣ್ಯಗಳು ತಟ್ಟೆಗೆ ಬೀಳುವ ಸದ್ದು ತಗಡಿನ ಸೂರಿನ ಮೇಲೆ ಆಲಿಕಲ್ಲು ಸುರಿದಂತೆ ಕೇಳುತ್ತಿತ್ತು. ಅಷ್ಟು ಗಲಾಟೆಯಲ್ಲಿ ತಲೆಯೊಳಗೆ ಎಣಿಸಲು ಹೋದರೆ ನನಗೆ ಲೆಕ್ಕ ತಪ್ಪುತ್ತಿತ್ತು. ಎಲೆ ಹಂಚುವ ಹುಡುಗಿ "ಹೌ ಆರ್ ಯೂ, ಹನಿ?" ಎಂದರೂ ಸಾಕು, ಅಷ್ಟೂ ಚೆಲ್ಲಿಹೋಗುತ್ತಿತ್ತು. ಆಗ ನನ್ನ ನೆರವಿಗೆ ಬಂದದ್ದು ನನ್ನಜ್ಜಿ ಕಲಿಸಿದ ವಿದ್ಯೆ. ನಾನು ಪುಟ್ಟ ಹುಡುಗಿಯಾಗಿದ್ದಾಗ ಅಜ್ಜಿ ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಮಜಪ ಮಾಡಿಸುತ್ತಿದ್ದರು. ಜಪಮಾಲೆ ಇರಲಿಲ್ಲ, ಬಲಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆರೆಗಳ ಮೇಲೆ ಒಂದೊಂದಾಗಿ ಸರಿಸುತ್ತಾ ಎಣಿಸಬೇಕು. ಆ ಕೈಯನ್ನು ಸೆರಗಿನ ಕೆಳಗೆ ಮುಚ್ಚಿಟ್ಟುಕೊಳ್ಳಬೇಕು. "ಎಣಿಸೋ ಕೈ ಯಾರ ಕಣ್ಣಿಗೂ ಬೀಳಬಾರದು ಮಗಾ, ಬಿದ್ರೆ ಫಲ ಅವರ ಪಾಲಾಗುತ್ತೆ" ಎನ್ನುತ್ತಿದ್ದರು. ತಲೆ ಮರೆತರೂ ಬೆರಳು ಮರೆಯುವುದಿಲ್ಲ. ರೀನೋದ ಮೇಜಿನ ಮುಂದೆ ನಾನು ಸೆರಗನ್ನು ಬಲಗೈಯ ಮೇಲೆ ಹೊದ್ದುಕೊಂಡು, ಸಣ್ಣ ಎಲೆಗೆ ಒಂದು ಗೆರೆ ಮೇಲೆ, ದೊಡ್ಡ ಎಲೆಗೆ ಒಂದು ಗೆರೆ ಕೆಳಗೆ ಹೆಬ್ಬೆರಳನ್ನು ಸರಿಸುತ್ತಾ ಕೂರುತ್ತಿದ್ದೆ. ಅಲ್ಲಿನವರು ಪುಕ್ಕಟೆ ಕೊಡುವ ಪಾನೀಯಗಳ ಬದಲು ನಾನು ಬಿಸಿನೀರು ಕೇಳುತ್ತಿದ್ದೆ. ಆ ಕಪ್ಪನ್ನು ಎಡಗಡೆಯಿಂದ ಬಲಗಡೆಗೆ ಸರಿಸಿದರೆ ತಾತ ಬರಬೇಕು, ಮತ್ತೆ ಎಡಕ್ಕೆ ಸರಿಸಿದರೆ ಏಳಬೇಕು. ನಮ್ಮ ನಿಯಮ ಒಂದೇ: ಏನೇ ಆದರೂ ಅಲ್ಲಿ ನಾವು ಗಂಡಹೆಂಡತಿಯಲ್ಲ.

ಬಂತೇ ಸಂಬಳ ಎಂದು ನೀವು ಕೇಳಬಹುದು. ಬಂತು. ಕೆಲವು ಶನಿವಾರ ಗೆದ್ದೆವು, ಕೆಲವು ಶನಿವಾರ ಸೋತೆವು, ಒಟ್ಟಿನಲ್ಲಿ ಆ ಚಳಿಗಾಲ ಮನೆಯ ಕಂತು ತಪ್ಪಲಿಲ್ಲ. ಆ ಹಣದ ಮೇಲೆ ನನಗೆ ಕೃತಜ್ಞತೆಯಿದೆ. ಅದು ಹೇಗೆ ಬಂದರೂ ನಿಮ್ಮ ಅಮ್ಮನ ತಲೆಯ ಮೇಲಿನ ಸೂರನ್ನು ಹಿಡಿದು ನಿಲ್ಲಿಸಿತು, ಸುಳ್ಳು ಹೇಳಬಾರದು. ಆದರೆ ಸಂಬಳವೆಂಬುದರ ಗುಣವೇ ಬೇರೆ. ತಿಂಗಳಿಡೀ ದುಡಿದವನು ತಿಂಗಳ ಕೊನೆಗೆ ನಿಶ್ಚಿಂತೆಯಿಂದ ಕೈಯೊಡ್ಡುತ್ತಾನೆ. ನಾವು ಗೆದ್ದು ಬಂದಾಗಲೂ ಕಾರಿನಲ್ಲಿ ಮುಂದಿನ ಶನಿವಾರದ ಹೆದರಿಕೆಯನ್ನೇ ಮಾತಾಡುತ್ತಿದ್ದೆವು. ಮೊದಲ ಸಂಬಳವನ್ನು ದೇವರ ಮುಂದೆ ಇಟ್ಟಿದ್ದ ತಾತ ಈ ಹಣವನ್ನೂ ಅಲ್ಲೇ ಇಡುತ್ತಿದ್ದರು. ನಾನು ಅದಕ್ಕೆ ಕುಂಕುಮ ಇಡಲೋ ಬೇಡವೋ ಎಂದು ಬೆರಳನ್ನು ಭರಣಿಯಲ್ಲಿ ಅದ್ದಿಕೊಂಡೇ ನಿಂತಿರುತ್ತಿದ್ದೆ.

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಾಯಿತು. ಸಂಜೆ ದೀಪ ಹಚ್ಚಿ ಜಪಕ್ಕೆ ಕುಳಿತರೆ ಹೆಬ್ಬೆರಳು ತನ್ನ ಪಾಡಿಗೆ ಮೇಲೆ ಕೆಳಗೆ ಆಡತೊಡಗಿತು. ಜಪದಲ್ಲಿ ಇಳಿಯುವುದೆಂಬುದಿಲ್ಲ, ಒಮ್ಮೆ ಹೇಳಿದ ನಾಮ ಹೇಳಿದ್ದೇ, ಅದನ್ನು ಯಾರೂ ಕಳೆಯುವುದಿಲ್ಲ. ನನ್ನ ಬೆರಳು ಮಾತ್ರ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಕಲಿತುಬಿಟ್ಟಿತ್ತು. ನಿಮ್ಮ ತಾತನಿಗೂ ಅಂಥದ್ದೇ ಏನೋ ಆಗುತ್ತಿತ್ತು. ಅವರು ಅರ್ಜಿ ಹಾಕುವುದನ್ನು ನಿಲ್ಲಿಸಿದ್ದರು. ಊಟಕ್ಕೆ ಕುಳಿತರೂ ಕಣ್ಣು ಎಲ್ಲೋ. ಬೇಸಗೆಗೆ ವಾರಕ್ಕೆರಡು ಸಲ ಹೋಗೋಣವೆಂದರು. ನನಗೆ ಬೇಡವೆನ್ನಬೇಕೆನ್ನಿಸಿತು, ಬೇಡವೆಂದರೆ ಕಂತಿಗೇನು ಗತಿ? ಹಾಗಾಗಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಲೇ ಇದ್ದೆ.

ಗುಡ್ಡದ ಮೇಲೆ ಹಿಮ ಕರಗತೊಡಗಿದ್ದ ಒಂದು ಶನಿವಾರ ಮಧ್ಯಾಹ್ನ ನಾವು ಸಿಕ್ಕಿಬಿದ್ದೆವು. ಸಿಕ್ಕಿಬಿದ್ದದ್ದು ಎಣಿಕೆಯಿಂದಲ್ಲ, ನಮ್ಮೂರ ನಡವಳಿಕೆಯಿಂದ. ಬಲಗೈ ಎಣಿಸುತ್ತಿದ್ದರೆ ಹಣ ಹೂಡುವುದು ಎಡಗೈಯಿಂದಲ್ಲವೇ? ತಾತ ಹಾಗೆಯೇ ಹೇಳಿಕೊಟ್ಟಿದ್ದರು. ಕಪ್ಪು ಸರಿಸುವುದಕ್ಕೆ ಎಡಗೈಯಾದೀತು. ಹಣ ಕೊಡುವುದಕ್ಕೆ ನನ್ನ ಎಡಗೈ ಏಳಲೇ ಇಲ್ಲ. ಎಡಗೈಯಲ್ಲಿ ದುಡ್ಡು ಕೊಟ್ಟರೆ ನಮ್ಮಲ್ಲಿ ಭಿಕ್ಷುಕನೂ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ನಾನು ಎಣಿಕೆ ತಪ್ಪದಂತೆ ಹೆಬ್ಬೆರಳನ್ನು ಗೆರೆಯ ಮೇಲೆ ಒತ್ತಿಹಿಡಿದೇ ಆ ಕೈಯನ್ನು ಸೆರಗಿನಿಂದ ಹೊರಗೆ ತಂದು, ಹಣದ ಬದಲು ಅಲ್ಲಿ ಕೊಡುವ ಬಿಲ್ಲೆಗಳನ್ನು ಗೆಣ್ಣುಗಳಿಂದ ಮುಂದಕ್ಕೆ ತಳ್ಳಿ, ಮತ್ತೆ ಸರಕ್ಕನೆ ಒಳಗೆಳೆದುಕೊಳ್ಳುತ್ತಿದ್ದೆ. ಆ ಕಾಲದಲ್ಲಿ ಅಂಗೈಯಲ್ಲಿ ಅಡಗಿಸಿಕೊಂಡು ಗುಂಡಿ ಒತ್ತಿ ಲೆಕ್ಕವಿಡುವ ಪುಟ್ಟ ಯಂತ್ರಗಳು ಬಂದಿದ್ದವಂತೆ. ಬರೀ ಎಣಿಸಿದರೆ ಹೊರಗೆ ಹಾಕುತ್ತಾರೆ. ಯಂತ್ರ ಇಟ್ಟುಕೊಂಡರೆ ಜೈಲು. ಬಟ್ಟೆಯ ಕೆಳಗೆ ಬೆರಳಾಡಿಸುತ್ತಾ, ಮುಷ್ಟಿ ಬಿಡದೆ ಹಣ ತಳ್ಳುವ ಹೆಂಗಸನ್ನು ಕಂಡವರು ಏನೆಂದುಕೊಳ್ಳಬೇಕು?

ಟೈ ಕಟ್ಟಿದ ಮ್ಯಾನೇಜರನೊಬ್ಬ ನನ್ನ ಹಿಂದೆ ಬಂದು ನಿಂತ. ಎಲೆ ಹಂಚುವುದು ನಿಂತಿತು. ಕೈ ತೋರಿಸಿ ಎಂದು ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದು ನನಗೆ ಅರ್ಥವಾಯಿತು. ಅರ್ಥವಾದರೂ ಹೆದರಿಕೆಯಿಂದ ನಾನು ಕೈಯನ್ನು ಇನ್ನೂ ಒಳಗೆಳೆದುಕೊಂಡೆ. ಅವನು ಸ್ವರ ಏರಿಸಿದ. ಪೊಲೀಸು ಎಂಬ ಮಾತು ಕೇಳಿಸಿತು. ಆಚೆಯ ಮೇಜಿನ ಬಳಿ ತಾತ ನಿಂತಿದ್ದರು. ಅವರು ಸುಮ್ಮನೆ ಹೊರನಡೆದಿದ್ದರೆ ನಿಯಮ ಉಳಿಯುತ್ತಿತ್ತು, ಗ್ರೀನ್ ಕಾರ್ಡಿನ ಅರ್ಜಿಯ ಮೇಲೆ ಅವರ ಹೆಸರಾದರೂ ಸ್ವಚ್ಛವಾಗಿರುತ್ತಿತ್ತು. ಅವರು ನೇರವಾಗಿ ನಡೆದು ಬಂದು ನನ್ನ ಕುರ್ಚಿಯ ಪಕ್ಕ ನಿಂತು, "ಶೀ ಈಸ್ ಮೈ ವೈಫ್" ಎಂದರು. ಮದುವೆಯಾಗಿ ಜೊತೆಗೆ ಬಾಳಿದ ಅಷ್ಟೂ ವರ್ಷಗಳಲ್ಲಿ ಅವರು ನನ್ನ ಬಗ್ಗೆ ಆಡಿದ ಮಾತುಗಳಲ್ಲೆಲ್ಲ ಅದೇ ದೊಡ್ಡದೆಂದು ನನಗೆ ಈಗಲೂ ಅನ್ನಿಸುತ್ತದೆ. ಆಮೇಲೆ ನನ್ನ ಕಡೆ ಬಾಗಿ, "ಹೆದರ್ಬೇಡ್ವೇ, ಕೈ ತೆಗೆದು ತೋರಿಸು" ಎಂದರು.

ಆಗ ಅಲ್ಲಿನ ಮೇಜುಗಳ ಮೇಲ್ವಿಚಾರಣೆ ಮಾಡುತ್ತಿದ್ದ ಕಪ್ಪು ಕೋಟಿನವರೊಬ್ಬರು ಥಟ್ಟನೆ ನಮ್ಮ ಕಡೆ ತಿರುಗಿದರು. ಕೋಟಿನ ಮೇಲೆ ಲಾರೆನ್ಸ್ ಎಂದು ಹೆಸರಿನ ಪಟ್ಟಿಯಿತ್ತು. ನಮ್ಮದೇ ಮೈಬಣ್ಣ, ನಡುವಯಸ್ಸು. ಹತ್ತಿರ ಬಂದು ಸ್ವಚ್ಛವಾದ ಕನ್ನಡದಲ್ಲಿ, "ಅಕ್ಕ, ಎಂತದೂ ಆಗುವುದಿಲ್ಲ. ಎರಡೂ ಕೈ ಮೇಜಿನ ಮೇಲೆ ಇಡಿ ನೋಡುವ" ಎಂದರು. ಆ ಹೊಗೆ, ಆ ಗದ್ದಲದ ನಡುವೆ ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಕೈ ಹೊರತೆಗೆದೆ. ಅಂಗೈ ಬರಿದಾಗಿತ್ತು; ಹೆಬ್ಬೆರಳು ಮಾತ್ರ ಉಂಗುರದ ಬೆರಳಿನ ನಡುಗೆರೆಗೆ ಅಂಟಿಕೊಂಡೇ ಇತ್ತು. ಅವರು ಅದನ್ನೇ ಒಂದು ಕ್ಷಣ ನೋಡಿದರು. ನಂತರ ತಗ್ಗಿದ ದನಿಯಲ್ಲಿ, "ಹೆಬ್ಬೆರಳನ್ನೂ ಬಿಡಿ ಅಕ್ಕ. ಲೆಕ್ಕ ಹೋದರೆ ಹೋಗಲಿ" ಎಂದರು. ನಾನು ಬಿಟ್ಟೆ. ಒಂದು ಚಳಿಗಾಲವಿಡೀ ಹೊತ್ತ ಹೊರೆ ಬೆರಳ ತುದಿಯಿಂದ ಇಳಿದುಹೋದ ಹಾಗಾಯಿತು.

ಅವರು ಮ್ಯಾನೇಜರನ ಕಡೆ ತಿರುಗಿ, ನಮ್ಮೂರ ಕಡೆ ಹೆಂಗಸರು ಹೀಗೆ ಬೆರಳಲ್ಲಿ ಎಣಿಸಿ ಪ್ರಾರ್ಥನೆ ಮಾಡುತ್ತಾರೆ, ಕೈ ಮುಚ್ಚಿಕೊಳ್ಳುವುದು ಪದ್ಧತಿ, ನನ್ನ ಊರಿನಲ್ಲಿ ಕಣ್ಣಾರೆ ನೋಡಿದ್ದೇನೆ ಎಂದು ವಿವರಿಸಿದರು. ಯಂತ್ರ ಗಿಂತ್ರ ಏನೂ ಇಲ್ಲವೆಂದು ಅವನಿಗೂ ಕಂಡಿತ್ತು. ಆದರೂ ಇಬ್ಬರೂ ಇನ್ನು ಇತ್ತ ಬರಕೂಡದೆಂದ. ಲಾರೆನ್ಸ್ ತಾವೇ ಹೊರಗೆ ಬಿಟ್ಟು ಬರುವುದಾಗಿ ಹೇಳಿ ನಮ್ಮ ಜೊತೆ ಕಾರು ನಿಲ್ಲಿಸಿದ್ದ ಕಡೆಗೆ ನಡೆದರು.

ಹೊರಗೆ ಕಣ್ಣು ಕುಕ್ಕುವ ಬಿಸಿಲು. "ಯಾವ ಊರು ನಿಮ್ಮದು?" ಎಂದು ಅವರು ಕೇಳಿದರು. ತಾತ ಹೇಳಿದರು. ಅವರದು ಮಂಗಳೂರಂತೆ, ಮನೆಮಾತು ಕೊಂಕಣಿ. "ನಮ್ಮ ಅಮ್ಮ ಅಡುಗೆ ಮಾಡುವಾಗ ಜಪಸರ ಹಿಡೀಲಿಕ್ಕೆ ಆಗದೆ ಬೆರಳಲ್ಲೇ ಎಣಿಸ್ತಿದ್ರು. ನೆರೆಮನೆಯ ಭಟ್ರ ತಾಯಿ ಜಗಲಿಯಲ್ಲಿ ಕೂತು ಸೆರಗಿನ ಅಡಿಯಲ್ಲಿ. ನಾನು ಇಬ್ಬರನ್ನೂ ನೋಡಿದವ. ಒಳಗೆ ನಾನು ಹೇಳಿದ್ದು ಸುಳ್ಳಲ್ಲ, ಅಲ್ವಾ ಅಕ್ಕ?" ಎಂದು ನನ್ನ ಮುಖ ನೋಡಿದರು. ನನಗೆ ತಲೆಯೆತ್ತಲಾಗಲಿಲ್ಲ. "ನೀವು ಏನು ಎಣಿಸ್ತಿದ್ರಿ ಅಂತ ನಾನು ಕೇಳ್ಲಿಲ್ಲ. ನೀವೂ ಹೇಳ್ಲಿಕ್ಕೆ ಹೋಗ್ಬೇಡಿ" ಎಂದು ನಕ್ಕುಬಿಟ್ಟರು.

ತಾತ ಮೊದಲ ಬಾರಿಗೆ ಬಾಯಿಬಿಟ್ಟು, ತಾನು ಇಂಜಿನಿಯರು, ಕೆಲಸ ಹೋಗಿದೆ, ಮನೆ ಉಳಿಸಿಕೊಳ್ಳಲು ಹೀಗೆ ಎಂದು ಹೇಳಿದರು. ತಮ್ಮ ಲೆಕ್ಕ ತಪ್ಪಿಲ್ಲವೆಂದೂ ಸೇರಿಸಿದರು. ಆ ಹಟ ಅವರಿಗಿತ್ತು.

"ಲೆಕ್ಕ ಸರಿಯೇ ಇರಬಹುದು ಸಾರ್" ಎಂದರು ಲಾರೆನ್ಸ್. "ಆದರೆ ಸೋತರೆ ನೀವು ಇಲ್ಲಿ ನೆಂಟರು, ಗೆದ್ದರೆ ಕಳ್ಳರು. ಇದರಲ್ಲಿ ಎಂಥ ಸಂಬಳ ಮಾರಾಯ್ರೆ? ಇವತ್ತು ನಾನಿದ್ದೆ. ಅಕ್ಕನ ಕೈ ಹಿಡಿದು ಎಳೆಯುವವ ಇದ್ದಿದ್ದರೆ?"

 ಅಷ್ಟರಲ್ಲಿ ನಾನು ಕಾರಿನಲ್ಲಿದ್ದ ಊಟದ ಡಬ್ಬಿ ತೆಗೆದಿದ್ದೆ. ಬೇರೇನು ಮಾಡಲೂ ನನಗೆ ತೋಚಲಿಲ್ಲ. ಮೊಸರನ್ನದ ಮೇಲೆ ಒಂದು ಮಾವಿನ ಮಿಡಿಯಿಟ್ಟು ಅವರ ಮುಂದೆ ಹಿಡಿದೆ. "ಡ್ಯೂಟಿಯಲ್ಲಿದ್ದೇನೆ ಅಕ್ಕ" ಎಂದರು. ಮಿಡಿಯ ವಾಸನೆ ಮೂಗಿಗೆ ತಾಕಿದ ಮೇಲೆ ಕೋಟನ್ನು ಬಿಚ್ಚಿ ಕಾರಿನ ಮೇಲೆ ಹಾಕಿ, ಅಂಗಿಯ ತೋಳು ಮಡಚಿ, ನಿಂತಲ್ಲಿಯೇ ಕೈಯಲ್ಲಿ ಉಂಡರು. ಚಿತ್ರಾನ್ನವನ್ನೂ ಬಿಡಲಿಲ್ಲ. ಮಿಡಿಯ ಓಟೆಯನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದರು. ಉಂಡಾದ ಮೇಲೆ ನಾನು ಬಗ್ಗಿಸಿದ ನೀರಿನಲ್ಲಿ ಕೈ ತೊಳೆದು, ಕೋಟು ಹಾಕಿಕೊಂಡು, "ಬರ್ತೇನೆ" ಎಂದು ಹೇಳಿ, ತಿರುಗಿ ನೋಡದೆ ಒಳಗೆ ಹೋದರು. ನನ್ನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ನಮ್ಮ ಕಡೆ ಉಪಕಾರ ಮಾಡಿದವರಿಗೆ ಥ್ಯಾಂಕ್ಸ್ ಎನ್ನುವ ರೂಢಿಯಿಲ್ಲ ನಿಜ. ನಾನು ಸುಮ್ಮನಿದ್ದದ್ದು ರೂಢಿಯಿಂದಲ್ಲ, ಗಂಟಲು ಕಟ್ಟಿದ್ದರಿಂದ.

ಹಿಂದಿರುಗುವಾಗ ಗುಡ್ಡದ ನೆತ್ತಿಯಲ್ಲಿ ತಾತ ಕಾರನ್ನು ಪಕ್ಕಕ್ಕೆ ಹಾಕಿದರು. ದಾರಿಯ ಬದಿಯ ಹಿಮದಡಿಯಿಂದ ನೀರು ಸಣ್ಣಗೆ ಹರಿಯುತ್ತಿತ್ತು.

"ಅಲ್ಲಿ ನಿಂತು ನಿನ್ನ ಮುಖ ನೋಡ್ದೆ. ಮನೆ ಹೋದ್ರೂ ಪರವಾಗಿಲ್ಲ ಅನ್ನಿಸ್ತು" ಎಂದರು.

"ನನಗೆ ಮನೆಯೂ ಬೇಕು" ಎಂದೆ. ಅದು ನಾನು ಅವರಿಗೆ ಹಾಗೆ ಎದುರಾಡಿದ ಮೊದಲ ಮಾತು. ಅವರು ನನ್ನ ಕಡೆ ನೋಡಿದರು. ಧೈರ್ಯ ಮಾಡಿ ಮುಂದುವರಿಸಿದೆ: "ಬರ್ಕ್ಲಿಯ ಆ ಸ್ಕ್ರೂ ಬಿಗಿಯೋ ಕೆಲಸ ಇನ್ನೂ ಇದೆಯಾ ಕೇಳಿ. ನಾನೂ ಸುಮ್ಮನೆ ಕೂರಲ್ಲ."

ಅವರು ಕಾರನ್ನು ಮತ್ತೆ ರಸ್ತೆಗೆ ತಿರುಗಿಸುತ್ತಾ, "ಸೋಮವಾರ ಫೋನ್ ಮಾಡ್ತೀನಿ" ಎಂದರು.

ಕಥೆಯಾಗಿದ್ದರೆ ಸೋಮವಾರವೇ ಕೆಲಸ ಸಿಗುತ್ತಿತ್ತು. ಆ ಕೆಲಸಕ್ಕೆ ಬೇರೊಬ್ಬ ಬಂದಾಗಿತ್ತು. ಅವರು ಹೋಗಿ, ಕಾದು ಕುಳಿತು, ಹಂಗಾಮಿ ಕೆಲಸವೊಂದನ್ನು ಬೇಡಿ ಪಡೆದರು. ಮುಂದಿನ ಕೋಣೆಯನ್ನು ಒಬ್ಬ ವಿದ್ಯಾರ್ಥಿಗೆ ಬಾಡಿಗೆಗೆ ಕೊಟ್ಟೆವು. ಅವನು ಓಡಾಡಲು ಜಾಗವಿರಲೆಂದು ನಮ್ಮ ಸೋಫಾ ಗರಾಜಿಗೆ ಹೋಯಿತು. ನಾನು ಪದ್ಮಕ್ಕನ ಮುಂದೆ ಕುಳಿತು, ಕನ್ಸಲ್ಟಿಂಗು ಎಂಥದೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಬಾಯಿಗೆ ಕೈಯಿಟ್ಟುಕೊಂಡು ಕೇಳಿದರು. ಬೈಯುತ್ತಾರೆಂದು ಕಾದಿದ್ದೆ. "ಅಲ್ರೀ, ಇಷ್ಟು ಗಟ್ಟಿ ಹೆಂಗಸು ನೀವು, ನನ್ನ ಹತ್ರ ಮಾತಾಡೋಕೆ ಹೆದರ್ತಿದ್ರಲ್ಲ" ಎಂದು, ತಮ್ಮ ಕೈಗೂಸನ್ನು ಮಾರನೆಯ ವಾರದಿಂದ ನನ್ನ ಹತ್ತಿರ ಬಿಡತೊಡಗಿದರು. ಆಫೀಸಿಗೆ ಹೋಗುವ ತಾಯಂದಿರು ಒಬ್ಬರಿಂದೊಬ್ಬರು ಕೇಳಿ ಬಂದರು. ಹಾಗೆ ಶುರುವಾದದ್ದು ಈ ಮನೆಯ ಡೇಕೇರು. ಇಲ್ಲಿ ಅನ್ನ ಕಲಸಿ ಉಣ್ಣಿಸಿಕೊಂಡ ಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ನನ್ನನ್ನು ನೋಡಲು ಬರುತ್ತಾರೆ. ತಿಂಗಳ ಕೊನೆಗೆ ಬರುವ ಹಣ ಎಷ್ಟು ಸಣ್ಣದಾದರೂ ನಾಳೆಯ ಹೆದರಿಕೆಯಿಲ್ಲದೆ ಕೈಗೆ ಬಂದಾಗ ಅದಕ್ಕೆ ಎಂಥ ತಂಪಿರುತ್ತದೆಂದು ಆಗ ತಿಳಿದೆ. ಮನೆ ಉಳಿಯಿತು. ಸುಲಭವಾಗಿ ಉಳಿಯಲಿಲ್ಲ; ಉಳಿಯಿತು.

ತಾತ ಕೊನೆಗಾಲದಲ್ಲೂ ಆ ಲೆಕ್ಕ ತಪ್ಪಲ್ಲವೆಂದೇ ವಾದಿಸುತ್ತಿದ್ದರು. ನಾನೂ ಒಪ್ಪುತ್ತಿದ್ದೆ. ಲೆಕ್ಕಕ್ಕೆ ಕೇಡಿಲ್ಲ, ಎಲ್ಲಕ್ಕೂ ಲೆಕ್ಕವೊಂದೇ ಆದಾಗ ಕೇಡು. ನಮ್ಮೂರಲ್ಲಿ ಯುಗಾದಿಯ ಒಂದು ಮಧ್ಯಾಹ್ನಕ್ಕಿದ್ದ ಆಟ ಇಲ್ಲಿ ನಮ್ಮ ಇಡೀ ವರ್ಷವಾಗಿಬಿಟ್ಟಿತ್ತು. ಅಲ್ಲಿಂದ ನಮ್ಮನ್ನು ಹೊರಗೆ ಕಳಿಸಿದವರು ನಮಗೆ ಬಾಗಿಲು ಮುಚ್ಚಲಿಲ್ಲ, ತೆರೆದರು. ಕಷ್ಟ ಕೊಟ್ಟ ಆ ಚಳಿಗಾಲಕ್ಕೂ, ಕಂತು ಕಟ್ಟಿಸಿದ ಆ ಎಲೆಗಳಿಗೂ, ಅವುಗಳನ್ನು ನಮ್ಮ ಕೈಯಿಂದ ಬಿಡಿಸಿದ ಆ ಮನುಷ್ಯನಿಗೂ ನನ್ನ ಮನಸ್ಸಿನಲ್ಲಿ ಕೈಮುಗಿದಿದ್ದೇನೆ.

ಮನಸ್ಸಿನಲ್ಲಿ ಮುಗಿದದ್ದು ಅವರಿಗೆ ತಲುಪಿಲ್ಲ, ಅದೇ ನನ್ನ ಕೊರತೆ. ನಾವು ಮತ್ತೆ ಅಲ್ಲಿಗೆ ಕಾಲಿಡುವಂತಿರಲಿಲ್ಲ. ಕೆಲವು ವರ್ಷಗಳ ನಂತರ ಪದ್ಮಕ್ಕನ ಯಜಮಾನರು ಆ ಕಡೆ ಹೊರಟಾಗ ಒಂದು ಬಾಟಲಿ ಉಪ್ಪಿನಕಾಯಿ ಕಳಿಸಿದೆ. ಲಾರೆನ್ಸ್ ಅಲ್ಲಿ ಕೆಲಸ ಬಿಟ್ಟು ಹೋಗಿದ್ದರಂತೆ, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ, ಬಾಟಲಿ ಹಾಗೆಯೇ ಹಿಂದಕ್ಕೆ ಬಂತು. ಅವರ ಮನೆತನದ ಹೆಸರು ನಾವು ಕೇಳಿರಲಿಲ್ಲ. ನಮ್ಮ ಹೆಸರು ಅವರೂ ಕೇಳಲಿಲ್ಲ.

ಅನಿಕಾ, ರಿಷಿ, ನೀವು ಹುಟ್ಟಿದ ಈ ನಾಡಿನಲ್ಲಿ ಮಂಗಳೂರಿನ ಕಡೆಯವರು ಬಹಳ ಜನರಿದ್ದಾರೆ. ಕಾಲೇಜಿನಲ್ಲೋ ಆಫೀಸಿನಲ್ಲೋ ನಿಮಗೆ ಸಿಕ್ಕೇ ಸಿಗುತ್ತಾರೆ. ಅವರಲ್ಲಿ ಯಾರಾದರೂ, ನಮ್ಮಜ್ಜ ಹಿಂದೊಮ್ಮೆ ರೀನೋದಲ್ಲಿ ಮೇಜುಗಳನ್ನು ನೋಡಿಕೊಳ್ಳುತ್ತಿದ್ದರಂತೆ, ಒಂದು ದಿನ ಕಾರುಗಳ ನಡುವೆ ನಿಂತು ಯಾರದೋ ಮೊಸರನ್ನ ಉಂಡು ಬಂದರಂತೆ ಎಂದು ಹೇಳಿದರೆ, ಈ ಹಾಳೆಗಳನ್ನು ಅವರ ಕೈಗೆ ಕೊಡಿ. ಅವರಿಗೆ ಕನ್ನಡ ಓದಲು ಬಾರದಿದ್ದರೆ ನೀವೇ ಕುಳಿತು ಹೇಳಿ. ಅಷ್ಟು ಕನ್ನಡ ನಿಮಗೆ ಬರುತ್ತದೆ, ನೀವು ಬರುವುದಿಲ್ಲವೆಂದು ನಟಿಸುವುದು ನನಗೆ ಗೊತ್ತು. ಅವತ್ತು ನನ್ನ ಗಂಟಲಲ್ಲಿ ನಿಂತದ್ದೆಲ್ಲ ಇದರಲ್ಲಿದೆ. ಅವರು ಸಿಗುವವರೆಗೆ ಇದು ಅವರ ವಸ್ತು, ನಿಮ್ಮ ವಶದಲ್ಲಿದೆ ಎಂದುಕೊಂಡು ಜೋಪಾನವಾಗಿಡಿ.